ಬೊನಿಫಾಸ್ ರೇಗೊ ಯಾರ ಪೈಕಿ

ಬೊನಿಫಾಸ್ ರೇಗೊ ಹುಟ್ಟಿದ್ದು ಮಸ್ಕತ್ತಿನ ಬೌಷರಿನ ಒಂದು ಹೋಟೆಲಿನ ಸರ್ವಿಸ್ ಲಿಫ್ಟಿನಲ್ಲಿ, ಅಡುಗೆಮನೆಯ ಮಹಡಿಗೂ ಡ್ಯಾನ್ಸ್ ಹಾಲಿನ ಮಹಡಿಗೂ ನಡುವೆ. ಹುಟ್ಟುವಾಗಲೇ ಅವನಿಗೆ ನೂರು ದಾಟಿತ್ತು. ಸತ್ತೂ ಬಹಳ ಕಾಲವಾಗಿತ್ತು.

ಆಗ ಲಿಫ್ಟಿನಲ್ಲಿದ್ದವರು ಇಬ್ಬರು. ಒಬ್ಬಳು ಸಮೀಕ್ಷಾ, ಸುರತ್ಕಲ್ ಕಡೆಯವಳು, ಹೋಟೆಲಿನ ಊಟ-ಪಾರ್ಟಿಗಳನ್ನೆಲ್ಲ ನೋಡಿಕೊಳ್ಳುವ ಮ್ಯಾನೇಜರ್. ಇನ್ನೊಬ್ಬ ಕಿನ್ನಿಗೋಳಿಯ ಜೋಸ್ಟನ್ ಮಿನೇಜಸ್. ವಾರವಿಡೀ ಒಂದು ಏಸಿ ಕಂಪನಿಯ ಪರವಾಗಿ ಕಟ್ಟಡದಿಂದ ಕಟ್ಟಡಕ್ಕೆ ಹೋಗಿ ಗಾಳಿ ಹಾಯುವ ತಗಡಿನ ಕೊಳವೆಗಳ ಅಳತೆ ತೆಗೆಯುವುದು ಅವನ ಉದ್ಯೋಗ. ಶುಕ್ರವಾರ ಮಧ್ಯಾಹ್ನ ಮಾತ್ರ ಈ ಹೋಟೆಲಿನಲ್ಲಿ ತನ್ನ ಸಣ್ಣ ಬ್ಯಾಂಡಿನೊಂದಿಗೆ ಸ್ಯಾಕ್ಸೋಫೋನ್ ನುಡಿಸುತ್ತಿದ್ದ. ಅವನ ವೀಸಾದ ಪ್ರಾಯೋಜಕನಾದ ಕಫೀಲ್‌ಗೆ ಸಂಗೀತವೆಂದರೆ ಪ್ರಾಣ, ಹಾಗಾಗಿ ಆ ಕಡೆಯಿಂದ ತಕರಾರಿರಲಿಲ್ಲ. ತಕರಾರೆಲ್ಲ ಸಮೀಕ್ಷಾಳದ್ದು.

"ನಿಮ್ಮ ಸ್ವಂತ ಹಾಡು ಬೇಡ ಜೋಸ್ಟನ್. ಎಷ್ಟು ಸಲ ಹೇಳುವುದು? ಜನ ಬರುವುದು ತಿನ್ನಲಿಕ್ಕೆ. ತಿನ್ನುವಾಗ ಗೊತ್ತಿಲ್ಲದ ಹಾಡು ಕೇಳಿದ್ರೆ ಗಂಟಲಲ್ಲಿ ಸಿಕ್ಕಿಕೊಳ್ತದೆ."

"ಒಂದೇ ಒಂದು ಮೇಡಂ. ಕೊನೆಗೆ, ಎಲ್ಲರೂ ಐಸ್‌ಕ್ರೀಮ್ ತಿನ್ನುವಾಗ. ಅದು ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ."

"ಈ ತಿಂಗಳಿಂದ ಥೀಮ್ ಉಂಟು. ನೂರು ವರ್ಷ ಹಿಂದಿನ ಡ್ಯಾನ್ಸ್ ಹಾಲ್. ಹೆಂಗಸರಿಗೆ ಹಣೆಗೆ ಗರಿಯ ಪಟ್ಟಿ, ಗಂಡಸರಿಗೆ ಬೋ ಟೈ. ನೂರು ವರ್ಷ ಹಿಂದಿನ ಹಾಡು ಇದ್ರೆ ತನ್ನಿ. ಇಲ್ಲದಿದ್ರೆ ಖಲಾಸ್."

"ಇದೆ," ಎಂದ ಜೋಸ್ಟನ್.

"ಯಾರದ್ದು?"

ಲಿಫ್ಟು ನಿಧಾನದ್ದು. ಯೋಚಿಸಲು ಸಮಯ ಸಿಕ್ಕಿತು. ಬೊನಿಫಾಸ್ ಎಂಬುದು ಅವನ ಊರಿನ ಬ್ಯಾಂಡ್‌ಸೆಟ್ಟಿನಲ್ಲಿ ತಾಳ ಹೊಡೆಯುತ್ತಿದ್ದವನ ಹೆಸರು. ರೇಗೊ ಎಲ್ಲಿಂದ ಬಂತೋ ಅವನಿಗೂ ತಿಳಿಯಲಿಲ್ಲ.

"ಬೊನಿಫಾಸ್ ರೇಗೊ. ಬೊಂಬಾಯಿಯ ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಡ್ಯಾನ್ಸ್ ಬ್ಯಾಂಡ್ ನಡೆಸ್ತಿದ್ದವರು. ಹಾಡು ತಾವೇ ಕಟ್ಟುತ್ತಿದ್ದರು. ಭಾರೀ ಹೆಸರು."

"ನಾನು ಕೇಳಿಯೇ ಇಲ್ಲ."

"ಅಷ್ಟು ಹಳಬರು."

ಈ ಉತ್ತರದಲ್ಲಿ ಸಮೀಕ್ಷಾಳಿಗೆ ಕೊರತೆ ಕಾಣಲಿಲ್ಲ. ಬಾಗಿಲು ತೆರೆಯಿತು. ಅವಳು ಸಲಾಡಿನ ತಳ್ಳುಗಾಡಿಯ ಹಿಂದೆ ಹೊರಟುಹೋದಳು. ಬೊನಿಫಾಸ್ ರೇಗೊ ಲಿಫ್ಟಿನಿಂದ ಹೊರಗೆ ಕಾಲಿಟ್ಟ.

ಹಾಡು ಜೋಸ್ಟನ್ನನದೇ. ಘಲಾದ ಹತ್ತಿರ ಒಂದು ಸಂಜೆ ವಾಹನಗಳೆಲ್ಲ ಸಿಕ್ಕಿಬಿದ್ದಾಗ ಕಾರಿನ ಇಂಡಿಕೇಟರ್ ಆರಿಸಲು ಮರೆತು ಕೂತಿದ್ದ. ಟಿಕ್ ಟಿಕ್ ಸದ್ದಿಗೆ ತುಟಿ ತಾನಾಗಿ ಶಿಳ್ಳೆ ಹಾಕತೊಡಗಿತು. ಮನೆ ತಲುಪುವುದರೊಳಗೆ ಹಾಡು ಮುಗಿದಿತ್ತು. ಅಂಥ ಹಾಡುಗಳು ಅವನಲ್ಲಿ ಬಹಳ ಇದ್ದವು. ಕೇಳಿದವರು ಇಬ್ಬರೇ: ಅವನು, ಮತ್ತು ಡ್ರಮ್ ನುಡಿಸುವ ಮಹ್ರೂಫ್. ಉಳ್ಳಾಲದ ಮಹ್ರೂಫನಿಗೆ ಸುವೈಕ್‌ನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ, ಟೋಪಿಯನ್ನು ಜೇಬಿಗೆ ತುರುಕಿ, ಹೆದ್ದಾರಿಯಲ್ಲಿ ಹಾರಿಬಂದು ನೇರವಾಗಿ ಡ್ರಮ್ಮಿನ ಮುಂದೆ ಕೂರುತ್ತಿದ್ದ. ಇವರಲ್ಲದೆ ಪಿಯಾನೋಗೆ ಒಬ್ಬ ಫಿಲಿಪ್ಪೀನಿ, ಆಳೆತ್ತರದ ತಂತಿವಾದ್ಯ ಬೇಸ್ ಹಿಡಿದ ಒಬ್ಬ ಶ್ರೀಲಂಕಾದವ. ಅವರಿಬ್ಬರೂ ಏನು ಹೇಳಿದರೂ ತಲೆಯಾಡಿಸುವವರು.

ಆ ಶುಕ್ರವಾರ ಐಸ್‌ಕ್ರೀಮಿನ ಹೊತ್ತಿಗೆ ಜೋಸ್ಟನ್ ಮೈಕಿನ ಮುಂದೆ ಬಂದು, "ಬೊನಿಫಾಸ್ ರೇಗೊ, ಫಾಕ್ಸ್‌ಟ್ರಾಟ್," ಎಂದು ಹೆಸರು, ಹಳೇ ಜೋಡಿ ಕುಣಿತದ ಬಗೆ, ಇಷ್ಟನ್ನೇ ಹೇಳಿದ. ಆಮೇಲೆ ನಡೆದದ್ದನ್ನು ಅವನು ಮನೆಗೆ ಹೋಗಿ ಹಲವು ಸಲ ನೆನೆದುಕೊಂಡ. ಮೊದಲು ಒಬ್ಬ ಇಂಗ್ಲಿಷ್ ಮುದುಕ ಹೆಂಡತಿಯ ಕೈ ಹಿಡಿದು ಎದ್ದ. ಹಿಂದೆಯೇ ಒಂದು ಮಲಯಾಳಿ ಡೆಂಟಿಸ್ಟ್ ಕುಟುಂಬ ಪೂರ್ತಿ ಎದ್ದಿತು. ಬಿಳಿ ದಿಶ್ದಾಶಾ ನಿಲುವಂಗಿಯ ಒಬ್ಬ ಒಮಾನಿ ಅಧಿಕಾರಿ ಕುರ್ಚಿ ಬಿಡಲಿಲ್ಲವಾದರೂ ಅವನ ಚಪ್ಪಲಿ ಮೇಜಿನಡಿಯಲ್ಲಿ ತನ್ನಷ್ಟಕ್ಕೆ ಕುಣಿಯಿತು. ಯಾರದೋ ಹಣೆಯ ಗರಿ ಕಿತ್ತು ಕಡಲೆ ಚಟ್ನಿಯಂಥ ಹುಮ್ಮುಸ್ ಬಟ್ಟಲಿನಲ್ಲಿ ಬಿತ್ತು. ಮುಗಿದ ಮೇಲೆ ಇನ್ನೊಮ್ಮೆ ಎಂದರು.

"ನೋಡಿದ್ರಾ?" ಎಂದಳು ಸಮೀಕ್ಷಾ. "ಹಳೆಯದು ಹಳೆಯದೇ."

ಎಡವಟ್ಟಾದದ್ದು ಇದಾದ ಮೇಲೆ. ಕರಾವಳಿಯವರ ಸಂಘದ ಅಧ್ಯಕ್ಷ ಪ್ರೇಮನಾಥ ಅಂದು ಊಟಕ್ಕೆ ಬಂದಿದ್ದರು. ಕಾರ್ಕಳದವರು. ಮಸ್ಕತ್ತಿನ ಹಳೆಯ ಬಂದರು ಮತ್ರಾದಲ್ಲಿ ಹಡಗಿನ ಸರಕು ಬಿಡಿಸಿಕೊಡುವ ಕಚೇರಿ ನಡೆಸುತ್ತ ತಲೆ ನರೆಸಿಕೊಂಡವರು. ಬಾಯಿ ಒರೆಸುತ್ತ ವೇದಿಕೆಯ ಬಳಿ ಬಂದು, "ಈ ರೇಗೊ ಅಂದ್ರೆ ಯಾವ ಊರಿನವರು?" ಎಂದರು.

ಗೋವಾ ಎಂದಿದ್ದರೆ ಜೋಸ್ಟನ್ ಬಚಾವಾಗುತ್ತಿದ್ದ. ಗೋವಾದವರ ವಿಚಾರ ಗೋವಾದವರೇ ನೋಡಿಕೊಳ್ಳುತ್ತಾರೆ. ಆದರೆ ಹಿರಿಯರು ಊರು ಕೇಳಿದಾಗ ಊರ ಕಡೆಯ ಹೆಸರನ್ನೇ ಹೇಳುವುದು ಅವನ ರಕ್ತದಲ್ಲಿತ್ತು. ಮಸ್ಕತ್ತಿನಲ್ಲಿ ಆ ಪುಟ್ಟ ಹಳ್ಳಿಯವರು ಯಾರೂ ಇರಲಾರರು ಎಂದುಕೊಂಡು, "ತಾಕೊಡೆ," ಎಂದುಬಿಟ್ಟ.

ಕರಾವಳಿಯವರು ಪರದೇಶದಲ್ಲಿ ಎದುರಾದರೆ ಊರು ಕೇಳುವುದು ಮಾತಿಗಲ್ಲ, ಕೆಲಸಕ್ಕೆ. ಊರಾದ ಮೇಲೆ ಮನೆ, ಮನೆಯಾದ ಮೇಲೆ ಯಾರ ಪೈಕಿ. ತುಳುವರು ‘ಬರಿ’, ಅಂದರೆ ಗೋತ್ರ, ಕೇಳುತ್ತಾರೆ, ಕ್ರೈಸ್ತರು ಇಗರ್ಜಿ, ಬ್ಯಾರಿಗಳು ಮಸೀದಿಯ ಜಮಾಅತ್. ಚಹಾ ಮುಗಿಯುವುದರೊಳಗೆ ಸಂಬಂಧ ಸಿಗಲೇಬೇಕು. ಸಿಗದಿದ್ದರೆ ಇನ್ನೊಂದು ಚಹಾ ತರಿಸುತ್ತಾರೆ.

"ತಾಕೊಡೆಯಾ! ನನ್ನ ಚಿಕ್ಕಮ್ಮನನ್ನು ಕೊಟ್ಟದ್ದು ಅದರ ಪಕ್ಕದಲ್ಲೇ. ಅಲ್ಲಿ ರೇಗೊಗಳು ಇರುವುದು ಗುಡ್ಡೆಯ ಆಚೆ. ಅವರಾ?"

"ಅವರೇ," ಎಂದ ಜೋಸ್ಟನ್. ಇಲ್ಲವೆನ್ನಲು ಕಾರಣವಿರಲಿಲ್ಲ.

"ಬೊಂಬಾಯಿಯಲ್ಲಿದ್ದವರು ಅಂದ್ರೆ ಮಸ್ಕತ್ತಿಗೂ ಬಂದಿರಬೇಕಲ್ಲ ಮಾರಾಯ. ಆ ಕಾಲದಲ್ಲಿ ಬೊಂಬಾಯಿಯಿಂದ ಬಸ್ರಾಕ್ಕೆ ಹೋಗುವ ಟಪಾಲು ಹಡಗು ಇಲ್ಲಿ ನಿಲ್ತಿತ್ತು. ಹಡಗಿನಲ್ಲಿ ದೊರೆಗಳು ಕುಣಿಯಲಿಕ್ಕೆ ಬ್ಯಾಂಡ್ ಬೇಕೇಬೇಕು. ಮತ್ತೆ ಯಾರನ್ನು ಕರೀತಾರೆ?"

ಜೋಸ್ಟನ್ ಸ್ಯಾಕ್ಸೋಫೋನಿನ ಬಾಯಿ ಒರೆಸತೊಡಗಿದ. ಪ್ರೇಮನಾಥರು ಅವನ ಮುಖವನ್ನು ತಾಳೆ ನೋಡಿ ಸರಿಯಿದೆ ಎಂದುಕೊಂಡರು.

ಮುಂದಿನ ಶುಕ್ರವಾರ ಅವರು ಇಪ್ಪತ್ತು ಜನರನ್ನು ಕರೆದುಕೊಂಡು ಬಂದರು, ತಾವಾಗಿಯೇ ಮೈಕು ಹಿಡಿದರು. ನಮ್ಮ ತಾಕೊಡೆಯ ಬೊನಿಫಾಸ್ ರೇಗೊ ಈ ಹಾಡನ್ನು ಮತ್ರಾ ಬಂದರಿನ ಎದುರು ಹಡಗಿನ ಮೇಲೆ ಕಟ್ಟಿದ್ದು, ಕಿವಿಗೊಟ್ಟರೆ ಅದರಲ್ಲಿ ಹಡಗಿನ ಇಂಜಿನ್ನಿನ ಸದ್ದು ಕೇಳುತ್ತದೆ ಎಂದು ವಿವರಿಸಿದರು. ಜನ ಕಿವಿಗೊಟ್ಟರು. ಕೇಳಿಸಿತು.

"ಅದು ನನ್ನ ಕಾರಿನ ಇಂಡಿಕೇಟರ್," ಎಂದ ಜೋಸ್ಟನ್, ಮಹ್ರೂಫನ ಕಿವಿಯಲ್ಲಿ.

"ಬಾಯಿ ಮುಚ್ಚಿ ನುಡಿಸು. ನಾನು ದಿನಾ ಇಂಡಿಕೇಟರ್ ಮಾರುವವ. ಅದಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ನಾನು ನೋಡಿಯೇ ಇಲ್ಲ."

ಮಹ್ರೂಫನ ತಾಯಿ ಬೀಫಾತುಮ್ಮನ ತಂದೆ ಹಿಂದೆ ಹಡಗಿನಲ್ಲಿ ಅಡುಗೆಯವರಾಗಿದ್ದರು ಎಂಬ ಸುದ್ದಿ ಹೇಗೋ ಪ್ರೇಮನಾಥರಿಗೆ ಸಿಕ್ಕಿತು. ಆ ಶನಿವಾರವೇ ಜೋಸ್ಟನ್ನನ ಕಾರಿನಲ್ಲಿ ಸುವೈಕ್‌ಗೆ ಹೊರಟುನಿಂತರು. ಬೀಫಾತುಮ್ಮ ಮಗನ ಮನೆಗೆ ಬಂದು ವರ್ಷಗಳಾಗಿದ್ದರೂ ಮಾತನಾಡಲು ಜನ ಸಾಲದೆಂಬ ದೂರು ಮುಗಿದಿರಲಿಲ್ಲ. ಅಕ್ಕಿ ರೊಟ್ಟಿಯಂಥ ಪತ್ತಿರ್ ಮತ್ತು ಮೀನು ಸಾರು ಮುಂದಿಟ್ಟು, ಎದುರಿಗೆ ಕೂತು, ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡರು.

"ರೇಗೊ," ಎಂದರು. "ಬಿಳಿ ಶೂ ಹಾಕ್ತಿದ್ದರು, ಅವರಾ?"

ಪ್ರೇಮನಾಥರ ಕೈಯಲ್ಲಿದ್ದ ಪತ್ತಿರ್ ಅಲ್ಲೇ ನಿಂತಿತು.

"ನಮ್ಮ ಬಾಪ ಹೇಳ್ತಿದ್ದರು. ಊದುವವರು ಒಬ್ಬರು ಇದ್ದರು ಅಂತ. ಮುಖ ಚೆಂದ. ಆದರೆ ಹಡಗು ಸ್ವಲ್ಪ ಓಲಾಡಿದ್ರೆ ಸಾಕು, ಹೊಟ್ಟೆ ತೊಳೆಸಿ ಬರ್ತಿತ್ತು. ಒಮ್ಮೆ ಬೇರೆ ಕಡೆ ಸಿಗದೆ ಆ ಊದುವ ಕೊಳವೆಯ ಒಳಗೇ..." ಅವರು ಕೈಯಿಂದ ಉಳಿದದ್ದನ್ನು ತೋರಿಸಿದರು. "ತೊಳೆದು ಕೊಟ್ಟದ್ದು ನಮ್ಮ ಬಾಪ."

ಪ್ರೇಮನಾಥರು ಬೆರಗಾಗಿ, ಕೈ ತೊಳೆಯುವ ನೆಪದಲ್ಲಿ ಹೊರಗೆ ಹೋಗಿ ಯಾರಿಗೋ ಫೋನ್ ಹಚ್ಚಿದರು. ಜೋಸ್ಟನ್ ಮುಂದಕ್ಕೆ ಬಾಗಿದ.

"ಉಮ್ಮ, ಇದು ನಿಜವಾ?"

"ಅಷ್ಟು ದೂರದಿಂದ ಬಂದಿದ್ದಾರೆ ಮೋನೆ. ಬರಿಗೈಯಲ್ಲಿ ಕಳಿಸುವುದಾ?" ಎಂದು ಬೀಫಾತುಮ್ಮ ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿದರು.

ಅಲ್ಲಿಂದ ಮುಂದೆ ಬೊನಿಫಾಸ್ ರೇಗೊನ ಏಳಿಗೆಯನ್ನು ಯಾರಿಂದಲೂ ತಡೆಯಲಾಗಲಿಲ್ಲ. ಅವನು ಬಸ್ರಾದಲ್ಲಿ ಒಬ್ಬ ಪಾಶಾನ ಮದುವೆಗೆ ನುಡಿಸಿದ. ಕರಾಚಿಯಲ್ಲಿ ಒಂದು ಇಡೀ ರೆಜಿಮೆಂಟನ್ನು ಕುಣಿಸಿದ. ಒಬ್ಬ ಗವರ್ನರನ ಹೆಂಡತಿ ಅವನಿಗೆ ವಾಚು ಕೊಟ್ಟಳು, ಗವರ್ನರ್ ಅದನ್ನು ವಾಪಸು ಕೇಳಿದ. ಇದರಲ್ಲಿ ಒಂದನ್ನೂ ಜೋಸ್ಟನ್ ಹೇಳಿರಲಿಲ್ಲ. ಅವನು ಮಾಡಿದ್ದು ಇಷ್ಟೇ: ತನ್ನ ಹಾಡುಗಳನ್ನು ವಾರಕ್ಕೊಂದರಂತೆ ಆ ಹೆಸರಿನಲ್ಲಿ ಹೊರಗೆ ಬಿಟ್ಟ. ಇಷ್ಟು ವರ್ಷ ಫ್ಲ್ಯಾಟಿನ ಕಿಟಕಿ ಮುಚ್ಚಿ ನುಡಿಸಿದ್ದ ಹಾಡುಗಳನ್ನು ಜನ ಶಿಳ್ಳೆಯಲ್ಲಿ ಹೊತ್ತುಕೊಂಡು ಪಾರ್ಕಿಂಗಿಗೆ ಹೋಗುವುದನ್ನು ನೋಡಿ ಒಳಗೊಳಗೇ ಹಿಗ್ಗಿದ.

ಹಿಗ್ಗು ಬಹಳ ದಿನ ಉಳಿಯಲಿಲ್ಲ. ಜನ ಕುಣಿಯುವುದನ್ನು ನಿಲ್ಲಿಸಿದ್ದರು.

ಯಾವಾಗಿನಿಂದ ಎಂದು ಅವನಿಗೆ ಸರಿಯಾಗಿ ಗೊತ್ತಾಗಲಿಲ್ಲ. ಈಗ ಹಾಡು ಶುರುವಾದೊಡನೆ ಎಲ್ಲರೂ ಚಮಚ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಫೋನು ಎತ್ತಿ ಹಿಡಿಯುತ್ತಿದ್ದರು. ಮುಗಿದ ಮೇಲೆ ಗಂಭೀರವಾಗಿ ಚಪ್ಪಾಳೆ. ಆ ಇಂಗ್ಲಿಷ್ ಮುದುಕ ಹಳೇ ಅಭ್ಯಾಸದಲ್ಲಿ ಎದ್ದುನಿಂತಾಗ ಪ್ರೇಮನಾಥರು ತುಟಿಯ ಮೇಲೆ ಬೆರಳಿಟ್ಟು ಕೂರಿಸಿದರು. ಒಂದು ಶುಕ್ರವಾರ ಜೋಸ್ಟನ್ ಬರುವಷ್ಟರಲ್ಲಿ ಕುಣಿಯುವ ಜಾಗದಲ್ಲಿ ಕುರ್ಚಿ ಹಾಕಿದ್ದರು.

ಅವನು ನೇರ ಸಮೀಕ್ಷಾಳ ಕಚೇರಿಗೆ ಹೋದ.

"ಮೇಡಂ, ಒಂದು ವಿಷಯ. ಬೊನಿಫಾಸ್ ರೇಗೊ ಅಂತ ಯಾರೂ ಇಲ್ಲ. ಹಾಡೆಲ್ಲ ನಾನು ಕಟ್ಟಿದ್ದು."

ಸಮೀಕ್ಷಾ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಅಷ್ಟು ಒಳ್ಳೆ ಹಾಡು ಕಟ್ಟುವವರಾದ್ರೆ ನೀವು ಏಸಿ ಕೊಳವೆ ಯಾಕೆ ಅಳೀತಿದ್ರಿ?" ಎಂದಳು.

ಅವನು ಸ್ವತಃ ಹಲವು ಸಲ ಕೇಳಿಕೊಂಡಿದ್ದ ಪ್ರಶ್ನೆ ಅದು.

"ಮತ್ತೆ ಸಂಘದವರು ದೊಡ್ಡ ಹಾಲ್ ಬುಕ್ ಮಾಡಿದ್ದಾರೆ," ಎಂದಳು ಅವಳು. "ಬೊನಿಫಾಸ್ ರೇಗೊ ನೆನಪಿನ ಮಧ್ಯಾಹ್ನ. ಬಫೆ ಸಮೇತ. ನೀವು ಇಂಥದ್ದೆಲ್ಲ ಹೇಳಿ ನನ್ನ ಪಾರ್ಟಿ ಕೆಡಿಸಬೇಡಿ ಪ್ಲೀಸ್."

ಆ ವಾರವೇ ಪಿಯುಸ್ ರೇಗೊ ಬಂದರು.

ಪಿಯುಸ್ ರುಸ್ತಾಕ್‌ನ ಮಾರುಕಟ್ಟೆಯಲ್ಲಿ ಪರದೆ ಮತ್ತು ಸೋಫಾ ಬಟ್ಟೆಯ ಅಂಗಡಿ ಇಟ್ಟವರು, ಅರುವತ್ತು ದಾಟಿದವರು, ತಾಕೊಡೆಯವರು. ಗುಡ್ಡೆಯ ಆಚೆಯವರು. ಮತ್ರಾದ ಪ್ರೇಮನಾಥರ ಕಚೇರಿಯಲ್ಲಿ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲವಿಟ್ಟು ಕೂತಿದ್ದರು. ಜೋಸ್ಟನ್ ಮತ್ತು ಮಹ್ರೂಫ್ ಒಳಗೆ ಬಂದಾಗ ಚೀಲದಿಂದ ಒಂದು ಜೊತೆ ಬಿಳಿ ಶೂ ಹೊರಗೆ ಬಂತು.

"ಅಜ್ಜನ ತಮ್ಮ ಬೊನಿಫಾಸರದ್ದು," ಎಂದರು ಪಿಯುಸ್. "ಮನೆಯಲ್ಲಿ ಅಟ್ಟದಲ್ಲಿತ್ತು. ಊರಲ್ಲಿರುವ ನನ್ನ ತಮ್ಮನ ಹತ್ತಿರ ಹೇಳಿ ತರಿಸಿದೆ."

ಮಹ್ರೂಫ್ ಒಂದನ್ನು ಎತ್ತಿ ತಿರುಗಿಸಿ ನೋಡಿದ. "ಅಡಿ ಹೊಸದು ಉಂಟಲ್ಲ ಪಿಯುಸಾಬ್?"

"ರಿಪೇರಿ ಮಾಡಿಸಿದ್ದು."

"ಯಾವಾಗ?"

"ಈಗ ಅದು ಮುಖ್ಯ ಅಲ್ಲ," ಎಂದರು ಪಿಯುಸ್, ಜೋಸ್ಟನ್ನನ ಕಡೆ ತಿರುಗಿ. "ನೋಡು ಪುತಾ, ನೀನು ನಮ್ಮ ಕುಟುಂಬದವರ ಹಾಡು ನುಡಿಸ್ತಿದ್ದಿ. ಸಂತೋಷ. ಆದರೆ ಒಂದು ಮಾತು ಕೇಳಬೇಕೋ ಬೇಡವೋ? ಅದಲ್ಲದೆ ನಾನು ವಿಡಿಯೋ ನೋಡಿದೆ. ನೀನು ತಪ್ಪು ನುಡಿಸ್ತೀ. ಅಜ್ಜ ಅಷ್ಟು ಓಡಿಸ್ತಿರಲಿಲ್ಲ. ಕಾರ್ಯಕ್ರಮದಲ್ಲಿ ನನ್ನ ಮಗಳು ಕೀಬೋರ್ಡಿನಲ್ಲಿ ನುಡಿಸ್ತಾಳೆ. ನಿಧಾನಕ್ಕೆ, ಇಗರ್ಜಿಯಲ್ಲಿ ನುಡಿಸುವ ಹಾಗೆ. ನೀವು ಕೂತು ಕೇಳಿ."

ಜೋಸ್ಟನ್ನನ ಕಿವಿ ಬಿಸಿಯಾಯಿತು. ತನ್ನ ಇಂಡಿಕೇಟರ್ ಹಾಡು ಇಗರ್ಜಿಯ ನಡಿಗೆಯಲ್ಲಿ ಹೋಗುವುದನ್ನು ಅವನು ಮನಸ್ಸಿನಲ್ಲೇ ಕೇಳಿದ. ಶವದ ಹಿಂದೆ ನಡೆದಂತೆ ಕೇಳಿಸಿತು.

"ಪ್ರೇಮಣ್ಣ," ಎಂದ.

"ಎಂತ ಮಾಡುವುದು ಮಾರಾಯ?" ಪ್ರೇಮನಾಥರು ಕೈ ಚೆಲ್ಲಿದರು. "ಕುಟುಂಬದವರು ಬಂದ ಮೇಲೆ ಕುಟುಂಬದವರ ಮಾತೇ ಮೇಲೆ. ನೀನು ಅವರಿಗೆ ಏನಾಗಬೇಕು? ಏನೂ ಅಲ್ಲ."

ಮಹ್ರೂಫ್ ಶೂವನ್ನು ಕೆಳಗಿಟ್ಟು, ತುಟಿ ಅಲುಗಿಸದೆ, "ಹತ್ತಿರದವ ಆಗು," ಎಂದ.

ಜೋಸ್ಟನ್ ಒಮ್ಮೆ ಬಾಗಿಲ ಕಡೆ ನೋಡಿದ, ಒಮ್ಮೆ ಶೂಗಳ ಕಡೆ.

"ಪಿಯುಸಾಬ್, ನೀವು ಅವರ ಅಣ್ಣನ ಮೊಮ್ಮಗ. ನಾನು ಅವರದ್ದೇ ಮೊಮ್ಮಗ."

"ಎಂತ ಹೇಳ್ತಿ! ಅವರು ಮದುವೆಯೇ ಆಗಿರಲಿಲ್ಲ!"

ಮದುವೆಯ ವಿಚಾರ ಪಿಯುಸ್ ಅದೇ ಕ್ಷಣ ಸೇರಿಸಿದ್ದು, ಬೇರೆ ಹಕ್ಕುದಾರರು ಹುಟ್ಟದಿರಲಿ ಎಂದು. ಆದರೆ ಬಾಯಿಂದ ಬಂದದ್ದು ಬಂತು. ಜೋಸ್ಟನ್ ತಲೆ ತಗ್ಗಿಸಿದ.

"ಹೌದು," ಎಂದ ಮೆಲ್ಲಗೆ. "ಆಗಿರಲಿಲ್ಲ."

ಊರು, ಮನೆ, ಇಗರ್ಜಿ, ಪೈಕಿ ಎಂದು ಹೆಜ್ಜೆ ಹಿಡಿದು ಹೋಗುವ ಕರಾವಳಿಯವರು ಒಂದೇ ಕಡೆ ಗಕ್ಕನೆ ನಿಲ್ಲುತ್ತಾರೆ. ಯಾವ ಅಜ್ಜಿ, ಎಲ್ಲಿ, ಹೇಗೆ ಎಂದು ಯಾರೂ ಕೇಳಲಿಲ್ಲ. ಪಿಯುಸ್ ಶೂಗಳನ್ನು ಚೀಲದೊಳಗೆ ಹಾಕಿದರು. ಪ್ರೇಮನಾಥರು ಗಂಟಲು ಸರಿಮಾಡಿಕೊಂಡು ಬಿಸ್ಕತ್ತಿನ ತಟ್ಟೆಯನ್ನು ಜೋಸ್ಟನ್ನನ ಕಡೆ ಸರಿಸಿದರು.

"ಇರಲಿ, ಇರಲಿ," ಎಂದರು. "ದೊಡ್ಡ ಕಲಾವಿದರ ವಿಷಯ. ನೀನೇ ನುಡಿಸು."

ಮೆಟ್ಟಿಲಿಳಿಯುವಾಗ ಮಹ್ರೂಫ್ ಕಂಬಿ ಹಿಡಿದು ನಿಂತು ನಕ್ಕ. ಜೋಸ್ಟನ್ನನಿಗೂ ನಗು ಬಂತು. ಕಡಲ ದಂಡೆಯ ಕೂರ್ನಿಶ್ ರಸ್ತೆ ದಾಟುವುದರೊಳಗೆ ಫೋನು ಬಡಿದುಕೊಂಡಿತು. ಕಿನ್ನಿಗೋಳಿಯಿಂದ. ಅವನ ತಾಯಿ.

"ನನ್ನ ಅಮ್ಮ ಯಾರೊಟ್ಟಿಗೆ ಹೋಗಿದ್ದಳಂತೆ?"

"ಮಾಂಯ್, ನಿಮಗೆ ಯಾರು..."

"ಮೂರು ಜನ ಫೋನ್ ಮಾಡಿದರು! ಒಬ್ಬಳು ಸಮಾಧಾನ ಹೇಳಿದಳು! ನನಗೆ! ಸಾಯುವವರೆಗೆ ತಲೆಯ ಮೇಲಿನ ಸೆರಗು ಜಾರಿಸಿದವಳಲ್ಲ ನನ್ನ ಅಮ್ಮ. ನಾಚಿಕೆ ಇಲ್ವಾ ನಿನಗೆ, ಮಾನ ಇಲ್ವಾ ನಿನಗೆ, ತಲೆ ಇಲ್ವಾ, ಬುದ್ಧಿ ಇಲ್ವಾ!"

ಅವನು ಕಾರನ್ನು ಬದಿಗೆ ನಿಲ್ಲಿಸಿ ಎಲ್ಲವನ್ನೂ ಹೇಳಿದ. ಲಿಫ್ಟು, ತಾಕೊಡೆ, ಬಿಳಿ ಶೂ. ತಾಯಿ ನಡುವೆ ಬಾಯಿ ಹಾಕದೆ ಕೇಳಿದ್ದು ಅವನ ಆಯುಷ್ಯದಲ್ಲಿ ಅದೇ ಮೊದಲು.

"ಅಂದ್ರೆ ಹಾಡು ನಿನ್ನದು."

"ಹೌದು ಮಾಂಯ್."

"ಹಾಗಾದ್ರೆ ನಿನ್ನ ಹೆಸರು ಹೇಳು. ನನ್ನ ಅಮ್ಮನನ್ನು ಬಿಡು."

"ಹೇಳಿದೆ. ಯಾರೂ ನಂಬುವುದಿಲ್ಲ. ನನ್ನದು ಅಂದ್ರೆ ಯಾರೂ ಕೇಳುವುದೂ ಇಲ್ಲ."

"ಕೇಳದಿದ್ರೆ ಬಿಡಲಿ. ಎಲ್ಲರ ಎದುರು ಹೇಳು. ಹೇಳಿದ ಮೇಲೆ ಫೋನ್ ಮಾಡು. ಅಲ್ಲಿವರೆಗೆ ನಾನು ನಿನ್ನ ಫೋನ್ ಎತ್ತುವುದಿಲ್ಲ." ಫೋನು ಕಟ್ಟಾಯಿತು.

ತಾಯಿಯ ಮಾತು ಜೋಸ್ಟನ್ನನ ಕಿವಿಯಲ್ಲೇ ಸುತ್ತುತ್ತಿತ್ತು. ನಾಚಿಕೆ ಇಲ್ವಾ ನಿನಗೆ, ಮಾನ ಇಲ್ವಾ ನಿನಗೆ. ಎರಡು ಉದ್ದ, ಎರಡು ಗಿಡ್ಡ. ತಲೆ ಇಲ್ವಾ, ಬುದ್ಧಿ ಇಲ್ವಾ. ಸ್ಟಿಯರಿಂಗಿನ ಮೇಲೆ ಬೆರಳು ಅದನ್ನು ಬಡಿಯುತ್ತಿರುವುದು ಅವನಿಗೆ ಆಮೇಲೆ ತಿಳಿಯಿತು.

ನೆನಪಿನ ಮಧ್ಯಾಹ್ನಕ್ಕೆ ಹೋಟೆಲಿನ ದೊಡ್ಡ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಬೀಫಾತುಮ್ಮ, ಅವರ ಪಕ್ಕ ಚೀಲ ಹಿಡಿದ ಪಿಯುಸ್. ವೇದಿಕೆಯ ಹಿಂದೆ ಬೊನಿಫಾಸ್ ರೇಗೊನ ದೊಡ್ಡ ಚಿತ್ರ. ಸಂಘದ ಯಾರೋ ಕಂಪ್ಯೂಟರಿನಿಂದ ಮಾಡಿಸಿದ್ದು. ಮೀಸೆ ಚೆನ್ನಾಗಿತ್ತು, ಒಂದು ಕೈಯಲ್ಲಿ ಆರು ಬೆರಳಿದ್ದವು. ಆರನೆಯ ಬೆರಳಿನಿಂದಲೇ ಆ ಕಷ್ಟದ ಸ್ವರಗಳು ಸಾಧ್ಯವಾದವು ಎಂದು ಪ್ರೇಮನಾಥರು ಭಾಷಣದಲ್ಲಿ ಸೇರಿಸಿದರು. "ಅವರ... ಹ್ಞಂ... ಮೊಮ್ಮಗ," ಎಂದು ಜೋಸ್ಟನ್ನನನ್ನು ಕರೆದರು. ಸಭೆ ಆ ಹ್ಞಂ ಎಂಬುದನ್ನು ಕೇಳಿಸಿಕೊಳ್ಳದ ಹಾಗೆ ಮರ್ಯಾದೆಯಿಂದ ಎದುರು ನೋಡಿತು.

ಬ್ಯಾಂಡು ಹಳೆಯ ಹಾಡುಗಳನ್ನೆಲ್ಲ ನುಡಿಸಿತು. ಜೋಸ್ಟನ್ ಬೇಕೆಂದೇ ಓಡಿಸಿ ನುಡಿಸಿದ, ಮಹ್ರೂಫ್ ಬೇಕೆಂದೇ ಜೋರಾಗಿ ಬಡಿದ. ಒಂದು ಕಾಲೂ ಅಲುಗಲಿಲ್ಲ. ಹಲವರು ಕಣ್ಣು ಮುಚ್ಚಿದ್ದರು. ಒಬ್ಬರು ಕೈ ಜೋಡಿಸಿದ್ದರು. ಕೊನೆಯ ಸ್ವರ ನಿಂತ ಮೇಲೆ ಅವನು ಮೈಕಿನ ಹತ್ತಿರ ಬಂದ.

"ಒಂದು ವಿಷಯ ಹೇಳಲಿಕ್ಕುಂಟು. ಬೊನಿಫಾಸ್ ರೇಗೊ ಅಂತ ಯಾರೂ ಇರಲಿಲ್ಲ. ಈಗ ನುಡಿಸಿದ ಹಾಡೆಲ್ಲ ನನ್ನದು. ಮತ್ತೆ ನನ್ನ ಅಜ್ಜಿ ಅಂಥವಳಲ್ಲ. ನಾನು ಸುಳ್ಳು ಹೇಳಿದ್ದು."

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಪ್ರೇಮನಾಥರು ಕರವಸ್ತ್ರ ಹುಡುಕಿದರು.

"ನೋಡಿ," ಎಂದರು ಪಕ್ಕದವರಿಗೆ, ಅದು ಮೈಕಿನಲ್ಲೂ ಕೇಳಿತು. "ಅಜ್ಜಿಯ ಹೆಸರು ಉಳಿಸಲಿಕ್ಕೆ ಸ್ವಂತ ಅಜ್ಜನನ್ನೇ ಇಲ್ಲ ಅಂತಾನೆ. ಎಂಥ ಹುಡುಗ!"

ಪಿಯುಸ್ ಕೂಡ ಎದ್ದು ನಿಂತಿದ್ದರು. ಬೀಫಾತುಮ್ಮ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು. ಅವರ ಭುಜ ಕುಲುಕುತ್ತಿದ್ದದ್ದನ್ನು ಹಿಂದಿನವರು ಅಳು ಎಂದುಕೊಂಡರು.

ಜೋಸ್ಟನ್ ಮಹ್ರೂಫನ ಕಡೆ ನೋಡಿದ. ಮಹ್ರೂಫ್ ಭುಜ ಹಾರಿಸಿದ. ಇನ್ನೇನು ಉಳಿದಿತ್ತು?

"ಈಗ ನುಡಿಸುವುದು ನಾನು ಹೋದ ವಾರ ಕಟ್ಟಿದ್ದು," ಎಂದ ಅವನು. "ಹೋದ ವಾರ. ಅದೇ ಮತ್ರಾದಲ್ಲಿ, ಕಾರಿನಲ್ಲಿ ಕೂತು. ಜೋಸ್ಟನ್ ಮಿನೇಜಸ್, ಕಿನ್ನಿಗೋಳಿ."

ಕುರ್ಚಿಗಳು ಸರಿದವು. ಜನ ಅವನ ಮೇಲಿನ ಗೌರವವನ್ನು ಕಡಿಮೆ ಮಾಡದೆಯೇ, ಆದರೆ ಬೇಗ ಬೇಗ, ಊಟದ ಕಡೆ ನಡೆದರು. ಸಮೀಕ್ಷಾ ಇದೇ ಹೊತ್ತಿಗೆ ಪಾತ್ರೆಗಳ ಮುಚ್ಚಳ ತೆಗೆಸಿದ್ದಳು. ಕೋರಿ ಸುಕ್ಕ ಮತ್ತು ತುಪ್ಪದನ್ನದ ಪರಿಮಳ ವೇದಿಕೆಯವರೆಗೂ ಬಂತು. ಬೆನ್ನುಗಳು, ಬೆನ್ನುಗಳು. ಜೋಸ್ಟನ್ ಆ ಬೆನ್ನುಗಳಿಗೆ ನುಡಿಸತೊಡಗಿದ.

ಅವನು ಕಣ್ಣು ಮುಚ್ಚಿದ್ದ. ನಾಚಿಕೆ ಇಲ್ವಾ ನಿನಗೆ, ಎಂದಿತು ಸ್ಯಾಕ್ಸೋಫೋನು. ತಲೆ ಇಲ್ವಾ, ಬುದ್ಧಿ ಇಲ್ವಾ, ಎಂದಿತು ಡ್ರಮ್ಮು. ಪಿಯಾನೋದ ಫಿಲಿಪ್ಪೀನಿ ಮೊದಲ ಬಾರಿಗೆ ತಲೆಯಾಡಿಸುವುದನ್ನು ಬಿಟ್ಟು ನಕ್ಕ. ಎರಡನೆಯ ಸುತ್ತಿನಲ್ಲಿ ಮಹ್ರೂಫ್ ಕೋಲಿನಿಂದ ಜೋಸ್ಟನ್ನನ ಬೆನ್ನು ತಿವಿದು, "ಸಾಲು ನೋಡು," ಎಂದ.

ಬಫೆಯ ಸಾಲು ಹಾಲಿನ ಗೋಡೆಯುದ್ದಕ್ಕೂ ಹಾವಿನ ಹಾಗೆ ಹಬ್ಬಿತ್ತು. ಎಲ್ಲರ ಕೈಯಲ್ಲೂ ತಟ್ಟೆ, ಎಲ್ಲರ ಮುಖವೂ ಅನ್ನದ ಕಡೆ. ಕಾಲುಗಳು ಮಾತ್ರ ಯಾರ ಅಪ್ಪಣೆಗೂ ಕಾಯದೆ ಹೊರಟಿದ್ದವು. ಬಾಲದಲ್ಲಿ ಯಾರೋ ಹಿಮ್ಮಡಿ ಎತ್ತಿ ಇಳಿಸುತ್ತಿದ್ದರು. ನಡುವಿನಲ್ಲಿ ಒಂದು ಇಡೀ ಕುಟುಂಬ ಎಡಕ್ಕೊಂದು ಬಲಕ್ಕೊಂದು ತೂಗುತ್ತಿತ್ತು. ಇಂಗ್ಲಿಷ್ ಮುದುಕ ತಟ್ಟೆಯನ್ನು ಎದೆಗೆ ಹಿಡಿದು, ಅದು ಹೆಂಡತಿಯೇ ಎಂಬಂತೆ ಒಂದು ಸುತ್ತು ತಿರುಗಿದ. ಪಿಯುಸ್ ಚೀಲವನ್ನು ಕಂಕುಳಲ್ಲಿ ಒತ್ತಿ, ಸೊಂಟವನ್ನು ಒಂದಿಷ್ಟೇ, ಯಾರಿಗೂ ಕಾಣಲಾರದಷ್ಟು, ಅಲ್ಲಾಡಿಸುತ್ತಿದ್ದರು. ಕಾಣುತ್ತಿತ್ತು. ಸಾಲಿನ ತಲೆಯಲ್ಲಿ ಪ್ರೇಮನಾಥರು ಅನ್ನದ ಸೌಟು ಎತ್ತಿದ್ದವರು ಬಡಿಸಿಕೊಳ್ಳುವುದನ್ನು ಮರೆತು ಸೌಟಿನಿಂದಲೇ ತಾಳ ಹಾಕುತ್ತಿದ್ದರು.

"ಪ್ರೇಮಣ್ಣ, ಮುಂದೆ ಹೋಗಿ!" ಎಂದಿತು ಹಿಂದಿನಿಂದ ಒಂದು ದನಿ.

"ಇರು ಮಾರಾಯ, ಈ ಸುತ್ತು ಮುಗೀಲಿ," ಎಂದರು ಪ್ರೇಮನಾಥರು. ಆಮೇಲೆ ತಿರುಗಿ, "ಇದು ಯಾರದ್ದು ಹಾಡು?" ಎಂದು ಕೇಳಿದರು. ಪಕ್ಕದವರಿಗೆ ಹೆಸರು ನೆನಪಾಗಲಿಲ್ಲ.

ಕೈಗಳೆಲ್ಲ ತಟ್ಟೆಗಳಿಗೆ ಕಟ್ಟುಬಿದ್ದಿದ್ದರಿಂದ ಹಾಡು ಮುಗಿಯುವ ಹಂತಕ್ಕೆ ಬಂದರೂ ಚಪ್ಪಾಳೆ ಬೀಳುವ ಲಕ್ಷಣ ಇರಲಿಲ್ಲ. ಸಾಲು ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ. ಅನ್ನ ಆರುತ್ತಿತ್ತು. ಹಾಲಿನ ಆ ತುದಿಯಿಂದ ಸಮೀಕ್ಷಾ ಕೈಯನ್ನು ಕತ್ತಿನ ಅಡ್ಡ ಎಳೆದು ತೋರಿಸಿದಳು: ನಿಲ್ಲಿಸಿ, ನಿಲ್ಲಿಸಿ.

ಜೋಸ್ಟನ್ ಬಾಯಿಂದ ಸ್ಯಾಕ್ಸೋಫೋನ್ ತೆಗೆದು ಮಹ್ರೂಫನ ಕಡೆ ತಿರುಗಿದ.

"ಮೊದಲಿನಿಂದ," ಎಂದ.